ನೀಲಗಂಗವ್ವನ ಸಮ್ಮತಿ

ನಮ್ಮ ಊರಿನಲ್ಲಿ ಮನೆ ಕೊಳ್ಳಲು ಬಂದವರು ಬಾವಿಯ ನೀರಿನ ರುಚಿ ನೋಡುವುದಕ್ಕೂ ಮೊದಲು ಕೇಳುವ ಮಾತೊಂದಿದೆ: "ಒಳಗ ಯಾರರ ಕುಂತಾರೇನ್ರೀ?" ಕೂತಿದ್ದರೆ ಮನೆಯ ಬೆಲೆ ಇಳಿಯುತ್ತದೆ ಎನ್ನುವವರಿದ್ದಾರೆ, ಏರುತ್ತದೆ ಎನ್ನುವವರೂ ಇದ್ದಾರೆ. ಸತ್ತವರು ಮಣ್ಣಾಗಿ ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಪಡಸಾಲೆಯಲ್ಲಿ ತಮ್ಮ ಹಳೆಯ ಜಾಗದಲ್ಲಿ ಬಂದು ಕೂತಿರುತ್ತಾರೆ. ಮಾತಿಲ್ಲ, ಊಟವಿಲ್ಲ, ಕಣ್ಣು ಮಾತ್ರ ತೆರೆದಿರುತ್ತವೆ. ಅವರ ಪಕ್ಕದಲ್ಲೇ ಹೆಂಗಸರು ಜೋಳ ಹಸನು ಮಾಡುತ್ತಾರೆ, ಮಕ್ಕಳು ಮಗ್ಗಿ ಒಪ್ಪಿಸುತ್ತವೆ, ಚಳಿಗಾಲದಲ್ಲಿ ಬೆಕ್ಕು ಅವರ ಮಡಿಲು ಹುಡುಕಿಕೊಂಡು ಹೋಗಿ ಬೆಚ್ಚಗಿಲ್ಲವೆಂದು ಬೇಸರಪಟ್ಟು ಇಳಿಯುತ್ತದೆ. ನಮ್ಮ ಓಣಿಯ ಸಂಗವ್ವ ತನ್ನ ಅತ್ತೆಯನ್ನು ತೋರಿಸಿ ಹೇಳುತ್ತಿದ್ದಳು: "ಇದ್ದಾಗ ಬಾಯಿ ಬಿಡ್ತಿದ್ಲು, ಈಗ ಕಣ್ಣು ಬಿಡ್ತಾಳ. ಯಾವುದು ಛಲೋ ಇತ್ತಂತ ನನಗ ಇನ್ನೂ ತಿಳಿವಲ್ದು."

ಮನೆತನದ ಆಸ್ತಿಯ ಯಾವ ಮಾತನ್ನೂ ಕೂತವರ ಮುಂದೆ ಮೂರು ಸಲ ಕೇಳದೆ ನಡೆಸುವಂತಿಲ್ಲ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಮೊದಲು ಇನ್ನೊಮ್ಮೆ. ಸುಮ್ಮನಿದ್ದರೆ ಸಮ್ಮತಿ. ಒಪ್ಪದಿದ್ದರೆ ಎದ್ದು ಹೋಗುತ್ತಾರೆ. ಎದ್ದವರು ಮರಳಿ ಬರುವುದಿಲ್ಲ. ಅವರು ಯಾವ ಮಾತಿಗೆ ಎದ್ದರೋ ಅದನ್ನು ಆ ಮನೆತನದಲ್ಲಿ ಯಾರೂ ಮತ್ತೆ ಎತ್ತುವಂತಿಲ್ಲ. ಸಂತೆಪೇಟೆಯ ಪತ್ತಾರನೊಬ್ಬ ಎಮ್ಮೆ ಮಾರುತ್ತೇನೆ ಎಂದದ್ದಕ್ಕೆ ಅವನ ಅಪ್ಪ ಎದ್ದು ಹೋಗಿದ್ದರು. ಆ ಎಮ್ಮೆ ಹಲ್ಲುದುರಿ ಸಾಯುವವರೆಗೆ ಅವನ ಕೊಟ್ಟಿಗೆಯಲ್ಲೇ ಇತ್ತು, ಓಣಿಯವರು ಅದನ್ನು "ಅಪ್ಪಾರು" ಎಂದೇ ಕರೆಯುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ಹಬ್ಬದ ದಿನ ಅದಕ್ಕೊಂದು ಹೋಳಿಗೆ ಕಳಿಸುವುದನ್ನು ಮರೆಯುತ್ತಿರಲಿಲ್ಲ.

ಬಾಡಿಗೆ ಮನೆಗಳಲ್ಲಿ ಸತ್ತವರು ಕೂರುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಬಾಡಿಗೆ ಮನೆಯಲ್ಲಿ. ನನ್ನ ಅಪ್ಪ ನೇಕಾರ. ಅವನು ತೀರಿಕೊಂಡ ಮೇಲೆ, ಬರುವುದಿಲ್ಲವೆಂದು ಗೊತ್ತಿದ್ದೂ, ಎದ್ದ ಕೂಡಲೇ ಮಗ್ಗದ ಕುಣಿಯ ಕಡೆ ನೋಡುವ ಅಭ್ಯಾಸ ನನಗೆ ಬಹಳ ಕಾಲ ಉಳಿಯಿತು. ಕಾಲೇಜಿಗೆ ಹೋದೆ, ಹಣಕಾಸು ಓದಿದೆ, ದೊಡ್ಡ ಊರಿನಲ್ಲಿ ಕೆಲಸ ಕಲಿತು ಮರಳಿ ಬಂದೆ. ಬೇರೆಯವರ ಮನೆಯ ಪಡಸಾಲೆಗೆ ಕಾಲಿಟ್ಟಾಗ ಅಲ್ಲಿ ಯಾರಾದರೂ ಕೂತಿದ್ದರೆ ನನ್ನ ದನಿ ತಾನಾಗಿಯೇ ಇಳಿಯುತ್ತಿತ್ತು. ಅದು ಭಕ್ತಿಯೋ ಹೊಟ್ಟೆಕಿಚ್ಚೋ ನನಗೇ ಗೊತ್ತಿರಲಿಲ್ಲ.

ಹಂಜಿ ಮನೆತನದವರು ನನ್ನನ್ನು ತಮ್ಮ ಕಚೇರಿಯ ಹಣಕಾಸಿನ ಮುಖ್ಯಸ್ಥೆಯಾಗಿ ತೆಗೆದುಕೊಂಡದ್ದು ಈ ಇಳಿದ ದನಿಗಾಗಿಯೇ ಇರಬೇಕು. ಅವರಿಗೆ ಹಿಂದೆ ಹತ್ತಿಯ ಬೀಜ ಬಿಡಿಸುವ ಜಿನ್ ಕಾರ್ಖಾನೆ ಇತ್ತು. ಯಜಮಾನರು ಹೋದ ಮೇಲೆ ಹೆಂಡತಿ ನೀಲಗಂಗವ್ವ ಅದನ್ನು ಮಾರಿದಳು. ಆ ಹಣವೇ ಬೆಳೆದು ಷೇರು, ಸಾಲಪತ್ರ, ದೂರದ ಬಂದರಿನ ಉಗ್ರಾಣ, ಹೋಟೆಲುಗಳಲ್ಲಿ ಪಾಲು, ಹೀಗೆ ಹಲವು ರೂಪ ತಳೆದಿತ್ತು. ಅದನ್ನು ನೋಡಿಕೊಳ್ಳಲು ಮನೆಯ ಮಾಳಿಗೆಯಲ್ಲೇ ಒಂದು ಕಚೇರಿ. ಹಣ ಎಲ್ಲಿದೆ, ಏನು ಮಾಡುತ್ತಿದೆ, ನಾಳೆ ಎಲ್ಲಿ ಮುಗ್ಗರಿಸಬಹುದು ಎಂದು ಸದಾ ತಿಳಿದಿರುವುದು ನನ್ನ ಕೆಲಸ. ತೆರಿಗೆ, ಲೆಕ್ಕಪರಿಶೋಧನೆ, ಬ್ಯಾಂಕಿನವರ ಜೊತೆಗಿನ ಮಾತು ಎಲ್ಲವೂ ನನ್ನ ತಲೆಗೆ. ಆದರೆ ನಿಜವಾದ ಕೆಲಸ ಮನೆತನದವರೆಲ್ಲ ಕೂಡುವ ಬೈಠಕ್ಕಿನ ದಿನದ್ದು. ಆ ದಿನ ನಾನು ಕೆಳಗಿಳಿದು, ತೀರಿಕೊಂಡ ಮೇಲೆ ಬಂದು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತ ನೀಲಗಂಗವ್ವನ ಮುಂದೆ ನಿಂತು, ಮಾಡಬೇಕೆಂದಿರುವುದನ್ನೆಲ್ಲ ಓದಿ ಹೇಳಿ, ಮೂರು ಸಲ ಕೇಳಬೇಕು.

ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ದತ್ತೋಪಂತರು ಕೆಲಸ ಒಪ್ಪಿಸಿ ಹೋಗುವಾಗ ಬೀಗದ ಕೈಗಳ ಜೊತೆಗೆ ಒಂದು ಮಾತನ್ನೂ ಒಪ್ಪಿಸಿದ್ದರು. "ಹೆಸರು ಹೇಳಬ್ಯಾಡವಾ, ಅಂಕಿ ಹೇಳು. ಅಂಕಿಗೆ ಯಾರೂ ಏಳೂದಿಲ್ಲ. ನಾ ಇಷ್ಟು ವರ್ಷ ಓದೀನಿ, ಮುದುಕಿ ಸೆರಗು ಸುದ್ದಾ ಸರಿಸಿಲ್ಲ." ಹೋಟೆಲಿನ ಅಡುಗೆಯವರನ್ನೆಲ್ಲ ಬಿಡಿಸಿದಾಗ ಅವರು ಅದನ್ನು 'ವೆಚ್ಚದ ಸರಳೀಕರಣ' ಎಂದು ಓದಿದ್ದರಂತೆ. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು. ತಪ್ಪೇನೂ ಇಲ್ಲ, ಪ್ರತಿ ಕಸಬಿಗೂ ಒಂದು ಕೈಗುಣ ಇರುತ್ತದೆ, ಇದು ಈ ಕಸಬಿನ ಕೈಗುಣ. ನಾನೂ ಕಲಿತೆ. ನುಣುಪಾದ ಪದಗಳನ್ನು ಆರಿಸಿ, ಏರಿಳಿತವಿಲ್ಲದೆ ಓದುವುದು, ಕೇಳುವುದು, ಆಮೇಲೆ ಬರುವ ಮೌನವನ್ನು ಕಾಯುವುದು. ಆ ಮೌನ ನನಗೆ ಇಷ್ಟವಾಗತೊಡಗಿತ್ತು. ಅದರಲ್ಲಿ ಎತ್ತರದ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲು, ಅದರೊಳಗಿನ ಧೂಳು, ಹೊರಗೆ ದೂರದಲ್ಲಿ ಯಾರೋ ಹಗ್ಗ ಎಳೆಯುವ ಸದ್ದು ಎಲ್ಲವೂ ಇರುತ್ತಿತ್ತು. ಮುದುಕಿಯ ಕಣ್ಣು ಮಾತ್ರ ನನ್ನ ಮೇಲೆ ಇರುತ್ತಿರಲಿಲ್ಲ. ಅಂಕಿಗಳು ಹೋಗುವ ದಾರಿಯನ್ನು ನೋಡುತ್ತಿರುವವಳಂತೆ ನನ್ನ ಭುಜದಾಚೆ ನೋಡುತ್ತಿದ್ದಳು.

ನೀಲಗಂಗವ್ವನಿಗೆ ಮೂವರು ಮಕ್ಕಳು. ಹಿರಿಯ ಚನ್ನಮಲ್ಲಪ್ಪ ಮನೆತನದ ಯಜಮಾನರು. ಕಿರಿಯ ವಿರೂಪಾಕ್ಷ ನಗಿಸುವುದನ್ನೇ ಉದ್ಯೋಗ ಮಾಡಿಕೊಂಡವರು. ನಡುವಿನವಳು ದಾಕ್ಷಾಯಣಿ. ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯ ಕೊನೆಗಾಲದಲ್ಲಿ ಅವಳನ್ನು ನೋಡಿಕೊಂಡವಳು. ತಾಯಿ ಸತ್ತಾಗ ಅವಳು ಅಳಲಿಲ್ಲವಂತೆ. ಬಂದು ಕೂತ ಬೆಳಗ್ಗೆ ಅತ್ತಳಂತೆ. ಈಗ ದಿನವೂ ಊಟವಾದ ಮೇಲೆ ತಾಯಿಯ ಬದಿಗೆ ಕೂತು ಊರಿನ ಸುದ್ದಿ ಹೇಳುತ್ತಾಳೆ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಮಗಳು ಯಾರ ಜೊತೆ ಹೋದಳು, ಬದನೆಕಾಯಿ ಏನು ಬೆಲೆ. ಮಾಳಿಗೆಯ ಮೇಲಿನ ನನ್ನ ಮೇಜಿಗೆ ಆ ದನಿ ಕೇಳಿಸುತ್ತಿತ್ತು. ನಡುನಡುವೆ ಅವಳು ಸುಮ್ಮನಾಗಿ, ಉತ್ತರ ಕೇಳಿಸಿಕೊಂಡವಳಂತೆ "ಹೂಂ, ಅದೂ ಖರೇನ" ಎನ್ನುತ್ತಿದ್ದಳು. ಅವಳಿಗೆ ಬೇರೆ ಯಾರೂ ಇರಲಿಲ್ಲ.

ಆ ವರ್ಷ ದೊಡ್ಡ ಊರಿನ ಹೂಡಿಕೆಯ ಸಂಸ್ಥೆಯೊಂದು ಹಂಜಿಯವರ ಹಣವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು ಬೆಳೆಸಿಕೊಡುವುದಾಗಿ ಮುಂದೆ ಬಂತು. ಒಂದೇ ಷರತ್ತು. ಹಳೆಯ ಬಾಧ್ಯತೆಗಳೇನಿವೆಯೋ ಅವೆಲ್ಲ ಮೊದಲು ಮುಗಿದಿರಬೇಕು. ಚನ್ನಮಲ್ಲಪ್ಪನವರು ಮಾಳಿಗೆ ಹತ್ತಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಏದುಸಿರು ಆರುವವರೆಗೆ ಕಿಟಕಿ ನೋಡಿದರು.

"ಬಾಧ್ಯತಿ ಅಂದ್ರ ನಮ್ಮದು ಒಂದ ಅಲ್ರಿ ಮೇಡಂ? ಆ ವರ್ಷಾಶನ."

"ಅದೊಂದ ಐತ್ರಿ ಸಾವಕಾರ್ರ."

"ಮುಗಿಸ್ರಿ ಅದನ್ನ. ಒಂದಿಷ್ಟು ಗಂಟು ಕೊಟ್ಟು ಕೈ ತೊಳಕೊಳ್ಳೂಣು. ನಮಗೂ ವಯಸ್ಸಾತು, ನಾವು ಹೋದ ಮ್ಯಾಲ ಹುಡುಗ್ರಿಗೆ ಯಾಕ ಈ ತಲಿಬ್ಯಾನಿ?" ಎದ್ದು ನಿಂತು, "ಹಂಗ ಓದ್ರಿ ಮತ್ತ. ದತ್ತೋಪಂತ್ರು ಓದಿಧಂಗ. ಅವ್ವಗ ತ್ರಾಸ ಆಗಬಾರದು" ಎಂದರು. ಹೊಸ ಸಂಸ್ಥೆಯಲ್ಲಿ ನನಗೊಂದು ದೊಡ್ಡ ಕುರ್ಚಿ ಕಾದಿದೆ ಎಂಬುದನ್ನೂ ಮೆಟ್ಟಿಲಿಳಿಯುವಾಗ ಹೇಳಿದರು.

ಆ ವರ್ಷಾಶನ ಜಿನ್ನಿನ ಕಾಲದ್ದು. ಉರುಳೆಗಳ ನಡುವೆ ಹತ್ತಿಯ ಜೊತೆ ಬೆರಳೂ ಹೋಗುತ್ತಿದ್ದವು, ಕೆಲವೊಮ್ಮೆ ಅಂಗೈ, ಕೆಲವೊಮ್ಮೆ ತೋಳು. ಜಿನ್ ಮಾರಿದ ದಿನ ನೀಲಗಂಗವ್ವ ಅಂಥವರಿಗೆಲ್ಲ ಬದುಕಿರುವವರೆಗೆ, ಅವರು ಹೋದ ಮೇಲೆ ಅವರನ್ನು ನೆಚ್ಚಿದವರಿಗೆ ವರ್ಷಕ್ಕೊಮ್ಮೆ ಹಣ ಕೊಡುವುದಾಗಿ ಮಾತು ಕೊಟ್ಟಿದ್ದಳು. ಅವಳು ಬದುಕಿದ್ದಾಗ ಜಗಲಿಯ ಮೇಲೆ ಕೂತು ತಾನೇ ಹಂಚುತ್ತಿದ್ದಳಂತೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಓಣಿ ಹಿಡಿದು ಹೆಸರು ಕೂಗುತ್ತಿದ್ದಳು. ಮಡ್ಡಿ ಓಣಿಯಿಂದ ಶುರುಮಾಡಿ ಹೊಳೆಯ ದಂಡೆಯವರೆಗೆ, ಒಂದು ಮನೆಯೂ ತಪ್ಪದಂತೆ. ಈಗ ಹಣ ಬ್ಯಾಂಕಿಗೆ ಒಟ್ಟಾಗಿ ಹೋಗುತ್ತದೆ, ಅಲ್ಲಿಂದ ಅವರವರ ಖಾತೆಗೆ. ನನ್ನ ಲೆಕ್ಕದಲ್ಲಿ ಅದು ಒಂದೇ ಸಾಲು, ಒಂದೇ ಅಂಕಿ. ಅದರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿರಲಿಲ್ಲ.

ಬೈಠಕ್ಕಿನ ಹಿಂದಿನ ದಿನ ದಾಕ್ಷಾಯಣಿ ಮೆಟ್ಟಿಲ ಬುಡದಲ್ಲಿ ನನ್ನನ್ನು ತಡೆದಳು.

"ನಾಳೆ ಏನರ ಬ್ಯಾರೆ ಐತೇನು ವನಮಾಲಾ? ಅಣ್ಣ ಊಟಕ್ಕ ಕುಂತರ ನನ್ನ ಮಾರಿ ನೋಡವಲ್ಲ."

ಅವಳಿಗೆ ಸುಳ್ಳು ಹೇಳುವುದು ನನ್ನಿಂದಾಗುತ್ತಿರಲಿಲ್ಲ. ಹೇಳಿದೆ. ಅವಳು ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಅದರ ಪಕ್ಕದಲ್ಲೇ ಕೂತಳು.

"ಅವ್ವಗ ತಿಳಿದ್ರ ಎದ್ದು ಹೋಗ್ತಾಳ," ಎಂದಳು.

"ತಿಳೀಲಾರದಂಗ ಓದೂದ ನನ್ನ ಕೆಲಸ ಅಕ್ಕಾ."

"ನೀ ಏನಂತಿ? ಓದಬೇಕೋ ಬ್ಯಾಡೋ?"

"ನಾ ನೌಕರಿ ಮಾಡಾಕಿ."

"ನೌಕರಿ ಮಾಡೋರಿಗೆ ಒಳಗ ಏನೂ ಇರೂದಿಲ್ಲನು?" ಎಂದು ಕೇಳಿ, ಹೂವನ್ನು ಬೆರಳಿನಿಂದ ಸರಿಸುತ್ತ ಕೂತಳು. ನನ್ನ ಮುಖ ನೋಡದೆ, ಬಹಳ ಮೆಲ್ಲಗೆ ಹೇಳಿದಳು: "ಅಂಕಿನ ಓದು ವನಮಾಲಾ. ಅವರದು ಹಾಳಾಗಲಿ ಅಂತಲ್ಲ. ನನಗ ಅವ್ವ ಬೇಕು. ಆಕಿ ಎದ್ದು ಹೋದ್ರ ಮಧ್ಯಾನದಾಗ ನಾ ಯಾರ ಕೂಡ ಮಾತಾಡ್ಲಿ?"

ನಾನು ಆಗಲಿ ಎಂದೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಜನರ ಕೈಗಳನ್ನು ನೋಡುತ್ತ ಹೋದೆ. ಯಾವತ್ತೂ ನೋಡಿರಲಿಲ್ಲ. ಬಾಳೆಹಣ್ಣು ಮಾರುವವನ ಹೆಬ್ಬೆರಳಿಲ್ಲದ ಕೈ ಗೊನೆಯಿಂದ ಹಣ್ಣನ್ನು ಎಷ್ಟು ಹಗುರವಾಗಿ ಬಿಡಿಸಿತೆಂದರೆ, ನಾನು ಬೇಡದಿದ್ದರೂ ಕೊಂಡೆ. ಚಿಲ್ಲರೆ ಕೊಡುವಾಗ ಅವನು "ಏನ್ರಿ ಬಾಯಾರ, ಕೈ ನೋಡಿ ಭವಿಷ್ಯ ಹೇಳಾವ್ರೇನು?" ಎಂದು ನಕ್ಕ.

ಮರುದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಚನ್ನಮಲ್ಲಪ್ಪನವರು ಶಲ್ಯ ಹೊದ್ದು ತಾಯಿಯ ಎದುರಿಗೆ, ವಿರೂಪಾಕ್ಷ ಅವರ ಬದಿಗೆ, ದಾಕ್ಷಾಯಣಿ ತಾಯಿಯ ಮಗ್ಗುಲಲ್ಲಿ. ನಾನು ನಿಂತು ಓದಿದೆ. ಬಂಡವಾಳದ ಬೆಳವಣಿಗೆ, ಸಾಲಪತ್ರಗಳ ಬಡ್ಡಿ, ಉಗ್ರಾಣದ ಬಾಡಿಗೆ. ಕೊನೆಗೆ, ಅದೇ ದನಿಯಲ್ಲಿ: "ಮನೆತನದ ದೀರ್ಘಾವಧಿ ಬಾಧ್ಯತೆಯನ್ನು ಒಂದೇ ಕಂತಿನ ಪಾವತಿಯಿಂದ ಮುಕ್ತಾಯಗೊಳಿಸಿ, ಬಂಡವಾಳವನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸುವುದು. ನೀಲಗಂಗವ್ವನವರ ಸಮ್ಮತಿ ಇದೆಯೇ?" ಮೌನ. ಬಿಸಿಲಿನ ಕೋಲು ಅವಳ ಮೊಣಕಾಲ ಮೇಲೆ ಬಿದ್ದಿತ್ತು. ಅವಳ ಕಣ್ಣು ನನ್ನ ಭುಜದಾಚೆ. ಮಧ್ಯಾಹ್ನ ಇನ್ನೊಮ್ಮೆ ಓದಿ ಕೇಳಿದೆ. ಅವಳು ಕೂತೇ ಇದ್ದಳು.

ಚನ್ನಮಲ್ಲಪ್ಪನವರು ಊಟಕ್ಕೆ ಬಡಿಸಲು ಹೇಳಿದರು. ಊಟವಾಯಿತು. ಎಲೆಯಡಿಕೆಯ ತಟ್ಟೆ ಬಂತು. ಮನೆಯೊಳಗಿನ ಗಾಳಿ ಸಡಿಲಾದಂತಿತ್ತು. ವಿರೂಪಾಕ್ಷ ಎಲೆಗೆ ಸುಣ್ಣ ಹಚ್ಚುತ್ತ ತಾಯಿಯ ಕಡೆ ನೋಡಿ ನಕ್ಕರು.

"ಮೇಡಂ, ನಮ್ಮವ್ವ ಇದ್ದಾಗ ಹಿಂಗ ಅಂಕಿ ಓದಿದ್ರ ನಿಮಗ ದಾಟಾಕ ಬಿಡ್ತಿದ್ದಿಲ್ರಿ. ದತ್ತೋಪಂತ್ರು 'ಇಷ್ಟು ಸಾವಿರ ಬಾಕಿ' ಅಂದ್ರ, 'ಯಾರದು?' ಅಂತಿದ್ಲು. 'ಇಷ್ಟು ಖರ್ಚಾತು' ಅಂದ್ರ, 'ಯಾರಿಗೆ?' ಅಂತಿದ್ಲು. ಪಾಪ, ಪಂತ್ರು ಧೋತರದ ಚುಂಗಿಂದ ಬೆವರು ಒರಸ್ಕೊಂಡ ಒರಸ್ಕೊಂಡ…" ತಾಯಿಯ ದನಿಯನ್ನು ಅಣಕಿಸಿ ಮತ್ತೊಮ್ಮೆ, "ಯಾರದಽ?" ಎಂದರು.

ಚನ್ನಮಲ್ಲಪ್ಪನವರೂ ನಕ್ಕುಬಿಟ್ಟರು. ದಾಕ್ಷಾಯಣಿ ನಗಲಿಲ್ಲ. ಅವಳು ತಾಯಿಯ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ಬದಲಾಗಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ದಾಕ್ಷಾಯಣಿ ಏನೋ ಕೇಳಿಸಿಕೊಂಡವಳಂತೆ ತಲೆ ಓರೆ ಮಾಡಿದಳು, ಮಧ್ಯಾಹ್ನಗಳಲ್ಲಿ ಮಾಡುತ್ತಿದ್ದಂತೆ. ತಾಯಿಯ ಕೈಯನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡಳು.

"ಮಡ್ಡಿ ಓಣಿ," ಎಂದಳು. "ಗುಳೇದ ರುದ್ರವ್ವ. ಎಡಗೈ ಎರಡು ಬಳ್ಳು ಹೋಗ್ಯಾವ. ಹಿರೇಮಗ ಶಿಂಪಿಗ್ಯಾನ ಕೆಲಸ ಕಲ್ತಾನ, ಕಿರೇಂವಗ ಕಿವಿ ಕೇಳೂದಿಲ್ಲ. ಆಕಿ ಮಗ್ಗಲ ಮನಿ, ತಳವಾರ ಯಲ್ಲಪ್ಪ. ಮುಂಗೈ. ಹೆಂಡ್ತಿ ಉಣ್ಣಸ್ತಿದ್ಲು, ಆಕಿ ಹ್ವಾದ ಮ್ಯಾಲ ಮೊಮ್ಮಗಳು ಉಣ್ಣಸ್ತಾಳ. ಅವರ ಹಿತ್ತಲದಾಗ ನುಗ್ಗಿಗಿಡ ಐತಲ್ಲವ್ವಾ, ನೀ ಕಾಯಿ ತರಸ್ತಿದ್ದಿ…"

ಚನ್ನಮಲ್ಲಪ್ಪನವರು ಮೇಲೇಳಲು ಹೋದರು. "ದಾಕ್ಷೀ!"

ಅವಳು ನಿಲ್ಲಿಸಲಿಲ್ಲ. ನೀಲಗಂಗವ್ವನ ಕಣ್ಣು ಬಾಗಿಲ ಕಡೆಯಿಂದ ಹೊರಳಿ ಮಗಳ ಮೇಲೆ ನಿಂತಿತ್ತು. ಇಷ್ಟು ವರ್ಷದಲ್ಲಿ ಆ ಕಣ್ಣು ಯಾರ ಮೇಲೂ ನಿಂತದ್ದನ್ನು ನಾನು ನೋಡಿರಲಿಲ್ಲ. ಚನ್ನಮಲ್ಲಪ್ಪನವರು ಅದನ್ನು ಕಂಡು ಅಲ್ಲೇ ಕುಸಿದು ಕೂತರು.

ಸಣ್ಣವಳಿದ್ದಾಗ ಜಗಲಿಯ ಮೇಲೆ ತಾಯಿಯ ಬೆನ್ನಿಗೆ ಒರಗಿ ಕೂತು ಕೇಳಿ ಕೇಳಿ ಆ ಹೆಸರುಗಳು ಅವಳಿಗೆ ಬೀಸುವ ಪದದಂತೆ ಬಾಯಿಗೆ ಬಂದಿದ್ದವು. ಈಗ ಅವನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಒಬ್ಬೊಬ್ಬರ ಹೆಸರಿನ ಹಿಂದೆ ಅವರ ಮಕ್ಕಳು, ಸೊಸೆಯಂದಿರು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾರ ಮನೆಯ ಮಾಡು ಸೋರುತ್ತದೆ, ಯಾರು ತೋಳಿಲ್ಲದೆಯೂ ಹಲಗೆ ಬಾರಿಸುತ್ತಿದ್ದರು. ಮೊದಮೊದಲು ಅವಳು ಯಾಕೆ ಇಷ್ಟು ಬೆಳೆಸುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಅವಳು ಮಾತಾಡುತ್ತಿರುವವರೆಗೆ ತಾಯಿ ಕೇಳುತ್ತ ಕೂತಿರುತ್ತಾಳೆ. ಹೆಸರು ಮುಗಿದು, ನಾನು ಮೂರನೆಯ ಸಲ ಕೇಳಿದರೆ, ಅಲ್ಲಿಗಾಯಿತು, ತಾಯಿ ಎದ್ದುಬಿಡುತ್ತಾಳೆ.

ಅದು ಅಣ್ಣತಮ್ಮಂದಿರಿಗೂ ಹೊಳೆದಿರಬೇಕು. ಯಾರೂ ಅವಳನ್ನು ತಡೆಯಲಿಲ್ಲ. ವಿರೂಪಾಕ್ಷ ಕೈಯಲ್ಲಿದ್ದ ಎಲೆಯನ್ನು ಬಾಯಿಗಿಡುವುದನ್ನೇ ಮರೆತಿದ್ದರು. ಬಿಸಿಲಿನ ಕೋಲು ಮೊಣಕಾಲಿನಿಂದ ಇಳಿದು ಜಮಖಾನೆ ದಾಟಿ ಗೋಡೆ ಹತ್ತತೊಡಗಿತ್ತು. ಅವಳು ಮಡ್ಡಿ ಓಣಿ ಮುಗಿಸಿ, ಮಠದ ಹಿಂದಿನ ಓಣಿ ಮುಗಿಸಿ, ಕುಂಬಾರ ಓಣಿಗೆ ಬಂದಿದ್ದಳು. ದನಿ ಒಡೆದಿತ್ತು. ನಾನು ನೀರು ಕೊಟ್ಟೆ, ಕುಡಿದಳು. ಹೊಳೆಯ ದಂಡೆ ಹತ್ತಿರವಾಗುತ್ತಿತ್ತು. ಒಂದು ಕಡೆ ಅವಳು ತಡವರಿಸಿದಳು.

"ಬಡಿಗೇರ ಮೌನೇಶನ್ನ ಬಿಟ್ಟಿ ನೋಡು," ಎಂದರು ಚನ್ನಮಲ್ಲಪ್ಪನವರು.

ನಾವೆಲ್ಲ ಅವರ ಕಡೆ ತಿರುಗಿದೆವು. ಅವರು ನೆಲ ನೋಡುತ್ತಿದ್ದರು.

"ಅಂವ ಸತ್ತಾನಲ್ಲಣ್ಣಾ," ಎಂದಳು ದಾಕ್ಷಾಯಣಿ.

"ಹೆಂಡ್ತಿ ಅದಾಳಲ್ಲ. ಆಕಿದು ಹೇಳು. ನನಗ ಬುಗುರಿ ಮಾಡಿ ಕೊಟ್ಟಿದ್ದ ಅಂವ, ಬಳ್ಳು ಹೋಗೂಕಿಂತ ಮೊದಲ. ಅದನ್ನೂ ಹೇಳು." ದನಿ ತಗ್ಗಿಸಿ, "ಸಾವಕಾಶ ಹೇಳವಾ," ಎಂದರು.

ಅವಳು ಹೇಳಿದಳು. ಮೌನೇಶ, ಅವನ ಹೆಂಡತಿ, ಬುಗುರಿ, ಅದು ಯಾವ ಬಣ್ಣದ್ದಿತ್ತು ಎಂದು ಅಣ್ಣ ತಂಗಿಯರಲ್ಲಿ ಸಣ್ಣ ವಾದ. ವಿರೂಪಾಕ್ಷ ಅದು ತನ್ನದೇ ಬುಗುರಿ, ಅಣ್ಣ ಕಸಿದುಕೊಂಡಿದ್ದ ಎಂದರು. ಮುದುಕಿಯ ಕಣ್ಣು ಒಬ್ಬೊಬ್ಬರ ಮೇಲೂ ಸರಿದಾಡಿತು. ಯಾರೂ ಬದುಕಿಲ್ಲದ ಹಾಗೆ, ಯಾರೂ ಸತ್ತಿಲ್ಲದ ಹಾಗೆ, ಅಷ್ಟು ಹೊತ್ತು ಅದು ಒಂದು ಮನೆಯಾಗಿತ್ತು. ಆಮೇಲೆ ಹೊಳೆಯ ದಂಡೆಯ ಕೊನೆಯ ಗುಡಿಸಲು ಬಂತು. ಅಂಬಿಗರ ದ್ಯಾಮವ್ವ. ಬಲಗೈ. ಅವಳಿಗೆ ಮಕ್ಕಳಿಲ್ಲ, ಆಡಿಲ್ಲ, ಗಿಡವಿಲ್ಲ. ಹೇಳಲು ಇನ್ನೇನೂ ಉಳಿದಿರಲಿಲ್ಲ. ದಾಕ್ಷಾಯಣಿ ಸುಮ್ಮನಾದಳು.

ಬಿಸಿಲು ಗೋಡೆಯ ಮೇಲಿನಿಂದ ಹೋಗಿಬಿಟ್ಟಿತ್ತು. ಒಳಗೆ ದೀಪದ ಎಣ್ಣೆಯ ಗಿಂಡಿ ತೆಗೆದ ಸದ್ದು ಕೇಳಿಸಿತು.

"ಮೂರನೇದ್ದು ಕೇಳಬ್ಯಾಡ್ರಿ ಮೇಡಂ," ಎಂದರು ಚನ್ನಮಲ್ಲಪ್ಪನವರು. "ಬಿದ್ದ ಹೋಗಲಿ ಇವತ್ತಿನ ಮಾತು. ದೊಡ್ಡ ಊರಿನವರಿಗೆ ನಾ ಏನರ ಹೇಳ್ತೀನಿ. ಮುಂದಿನ ಬೈಠಕ್ಕಿಗೆ ನೋಡೂಣು."

ಅದು ಸರಿಯಾದ ದಾರಿಯೇ. ದೀಪ ಹಚ್ಚುವ ಮೊದಲು ಕೇಳದಿದ್ದರೆ ಆ ಮಾತು ಅಂದಿಗೆ ಬಿದ್ದುಹೋಗುತ್ತದೆ. ತಾಯಿ ಕೂತಿರುತ್ತಾಳೆ, ವರ್ಷಾಶನವೂ ನಡೆಯುತ್ತದೆ. ನಾನು ಕೈಯಲ್ಲಿದ್ದ ಕಾಗದ ಮಡಿಚಿದೆ.

"ಕೇಳು ವನಮಾಲಾ," ಎಂದಳು ದಾಕ್ಷಾಯಣಿ.

"ಹುಚ್ಚಿ, ನೀ ಏನ್ ಹೇಳಾಕತ್ತಿ ನಿನಗ ತಿಳೀತೈತೇನು?"

"ತಿಳೀತೈತಣ್ಣಾ. ನಿನಗಿಂತ ಛಲೋ ತಿಳೀತೈತಿ." ತಾಯಿಯ ಕೈಯನ್ನು ಅವಳು ಬಿಟ್ಟಿರಲಿಲ್ಲ. "ಮುಂದಿನ ಬೈಠಕ್ಕಿಗೆ ಮತ್ತ ತರ್ತೀ. ಆಗ ಮತ್ತ ಅಂಕಿ ಓದಸ್ತೀ. ಆಗ ನಾ ಇರ್ತೀನೋ ಇಲ್ಲೋ. ನಾ ಹ್ವಾದ ಮ್ಯಾಲ ಇವರ ಹೆಸರು ಯಾರ ಬಾಯಾಗ ಅದಾವು? ನಿನ್ನ ಬಾಯಾಗ ಒಂದ ಒಂದು ಹೆಸರು ಐತಿ. ಅದೂ ಬುಗುರಿ ಮಾಡಿ ಕೊಟ್ಟಿದ್ದನಂತ."

ವಿರೂಪಾಕ್ಷ "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದರು, ಆ ದನಿಯಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನಾನು ದಾಕ್ಷಾಯಣಿಯ ಮುಖ ನೋಡಿದೆ. ಹಿಂದಿನ ದಿನ ಮೆಟ್ಟಿಲ ಮೇಲೆ ಕೂತು ನನ್ನನ್ನು ಬೇಡಿಕೊಂಡವಳು ಇವಳೇ. ಅವಳು ಕೇಳು ಎಂಬಂತೆ ತಲೆಯಾಡಿಸಿದಳು.

ಕಾಗದ ಮಡಿಚಿದ್ದು ಮಡಿಚಿದಂತೆಯೇ ಇತ್ತು. ಅದನ್ನು ಬಿಚ್ಚಲಿಲ್ಲ. ನೀಲಗಂಗವ್ವನ ಎದುರಿಗೆ ಹೋಗಿ, ನಿಂತು ಕೇಳಲು ಮನಸ್ಸಾಗದೆ, ಕೂತೆ. ಅವಳ ಕಣ್ಣು ನನ್ನ ಮೇಲಿತ್ತು. ಬಹಳ ಹತ್ತಿರದಿಂದ ನೋಡಿದರೆ ಅವು ಬದುಕಿರುವವರ ಕಣ್ಣಿಗಿಂತ ಬೇರೆಯಾಗಿರಲಿಲ್ಲ, ದಣಿದಿದ್ದವು ಅಷ್ಟೆ.

"ಅವ್ವಾ," ಎಂದೆ. ಹಾಗೆ ಕರೆಯುವ ಹಕ್ಕು ನನಗಿರಲಿಲ್ಲ. "ನಿಮ್ಮ ಜಿನ್ನಿನಾಗ ಕೈ ಕಳಕೊಂಡವರಿಗೆ ನೀವು ಮಾತು ಕೊಟ್ಟಿದ್ರಿ. ರುದ್ರವ್ವಗ, ಯಲ್ಲಪ್ಪಗ, ಮೌನೇಶನ ಹೆಂಡ್ತಿಗೆ, ದ್ಯಾಮವ್ವಗ. ಅವರಿಗೆ ಕೊಡೂದು ಇನ್ನ ಮ್ಯಾಲ ನಿಲ್ಲಸಬೇಕಂತ ಮಾಡ್ಯಾರ. ನಿಮ್ಮ ಸಮ್ಮತಿ ಐತೇನು?"

ಆ ಮೌನವನ್ನು ನಾನು ಇಷ್ಟಪಡಲಿಲ್ಲ. ಅದು ಬೇಗ ಮುಗಿಯಿತು. ನೀಲಗಂಗವ್ವ ಒಂದು ಕೈಯನ್ನು ನೆಲಕ್ಕೆ ಊರಿದಳು, ಮುದುಕರು ಏಳುವ ಹಾಗೆ. ಇನ್ನೊಂದು ಕೈ ಒಂದು ಕ್ಷಣ ಮಗಳ ಕೈಯಲ್ಲೇ ಇತ್ತು. ಆಮೇಲೆ ಆ ಕೈಯನ್ನೂ ಬಿಡಿಸಿಕೊಂಡಳು. ಬಿಡಿಸಿಕೊಂಡಳೋ, ಮಗಳೇ ಬಿಟ್ಟಳೋ. ಎದ್ದು ನಿಂತಾಗ ಅವಳು ನಾನು ಅಂದುಕೊಂಡಿದ್ದಕ್ಕಿಂತ ಬಹಳ ಗಿಡ್ಡ ಹೆಂಗಸು. ದಾಕ್ಷಾಯಣಿಯೂ ಎದ್ದು, ಹೊರಗೆ ಹೊರಟವರಿಗೆ ಮಾಡುವಂತೆ ತಾಯಿಯ ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದಿಸಿ, ಎದೆಯ ಮೇಲೆ ಒಮ್ಮೆ ಕೈಯಾಡಿಸಿ ಬಿಟ್ಟಳು. "ಹೋಗವಾ," ಎಂದಳು. ನೀಲಗಂಗವ್ವ ಹೊಸ್ತಿಲು ದಾಟುವಾಗ ಮಾತ್ರ ಗೋಡೆ ಹಿಡಿದಳು. ಹೊರಗೆ ಬೀದಿಯ ಸದ್ದು ಒಂದು ಕಡೆಯಿಂದ ಆರುತ್ತ ಹೋದದ್ದು ಕೇಳಿಸಿತು. ಎದ್ದವರು ಬೀದಿಗೆ ಬಂದಾಗ ನಮ್ಮ ಊರಿನವರು ಇದ್ದಲ್ಲೇ ನಿಂತು ಚಪ್ಪಲಿ ಬಿಟ್ಟು ನೆಲ ನೋಡುತ್ತಾರೆ. ಆ ನಿಶ್ಶಬ್ದ ಓಣಿಯುದ್ದಕ್ಕೂ ಅವಳ ಜೊತೆ ನಡೆದು, ತಿರುವಿನಲ್ಲಿ ತಿರುಗಿ, ದೂರವಾಯಿತು. ಅವಳ ಹಿಂದೆಯೇ ಸೈಕಲ್ಲಿನ ಗಂಟೆ, ಮಕ್ಕಳ ಕೂಗು, ಸೊಪ್ಪಿನವಳ ದನಿ ಒಂದೊಂದಾಗಿ ಮರಳಿದವು.

ದಾಕ್ಷಾಯಣಿ ತಾಯಿ ಒರಗಿದ್ದ ಕಂಬದ ಬುಡದಲ್ಲಿ ಕೂತಳು. ವಿರೂಪಾಕ್ಷ ಅವಳ ಹತ್ತಿರ ಹೋಗಿ ಕೂತರು. ನಾನು ಹೊರಡಬೇಕೋ ಇರಬೇಕೋ ತಿಳಿಯದೆ ನಿಂತಿದ್ದೆ. ದೊಡ್ಡ ಊರಿನವರು ಈ ಹಣವನ್ನು ಇನ್ನು ಮುಟ್ಟುವುದಿಲ್ಲ. ವರ್ಷಾಶನ ಈ ಮನೆತನ ಇರುವವರೆಗೆ ನಡೆಯುತ್ತದೆ. ನನ್ನ ಕುರ್ಚಿಯ ವಿಷಯ ಯಾರೂ ಎತ್ತಲಿಲ್ಲ, ನನಗೂ ನೆನಪಾಗಲಿಲ್ಲ.

ಚನ್ನಮಲ್ಲಪ್ಪನವರು ನಾನು ಕೇಳತೊಡಗಿದಾಗ ಶಲ್ಯದಿಂದ ಮುಖ ಮುಚ್ಚಿಕೊಂಡಿದ್ದರು, ಈಗ ತೆಗೆದರು. ಅವರ ಕಣ್ಣು ಬಾಗಿಲ ಕಡೆ ಹೋಗಿ ಮರಳಿ ನನ್ನ ಮೇಲೆ ಬಂದಿತು.

"ಮೇಡಂ," ಎಂದರು. "ಹೋಗೂ ಮುಂದ ಅವ್ವ ನನ್ನ ಕಡೆ ನೋಡಿದ್ಲೇನ್ರಿ?"

ನೋಡಿರಲಿಲ್ಲ. ಎದ್ದ ಮೇಲೆ ಅವಳು ಯಾರನ್ನೂ ನೋಡಿರಲಿಲ್ಲ. ಕಾಲೆಲ್ಲಿ ಇಡುತ್ತಿದ್ದೇನೆಂದು ಮಾತ್ರ ನೋಡಿಕೊಂಡು ಹೋಗಿದ್ದಳು. ನಾನು ಬಾಯಿ ತೆರೆಯಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ಕಾದರು. ಕಾದು, ಮೆಲ್ಲಗೆ ತಲೆಯಾಡಿಸಿ, "ನೋಡಿರ್ತಾಳ," ಎಂದು ತಾವೇ ಅಂದುಕೊಂಡರು. ಆಮೇಲೆ ಒಳಗಿನವರಿಗೆ ದೀಪ ಹಚ್ಚಲು ಹೇಳಿದರು.